ಹತ್ತಿಗೆ ಕೊಟ್ಟ ಪ್ರಶಸ್ತಿ

ಮಾನ್ಯ ಪ್ರಶಸ್ತಿ ಸಮಿತಿ ಅಧ್ಯಕ್ಷರೇ,

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತವೂ ಅಷ್ಟಕ್ಕಷ್ಟೇ. ಪತ್ರಿಕೆಯವರು ಈ ಪತ್ರವನ್ನು ತಿದ್ದಿ ಅಚ್ಚು ಹಾಕುತ್ತೇವೆ ಎಂದಿದ್ದಾರೆ, ಹಾಗಾಗಿ ಓದುಗರಿಗೆ ತೊಂದರೆಯಿಲ್ಲ. ನಿಮಗೆ ಮಾತ್ರ ಕೈಬರಹದ ಪ್ರತಿಯನ್ನೇ ಅಂಚೆಯಲ್ಲಿ ಕಳಿಸಿದ್ದೇನೆ. ತಪ್ಪು ಹುಡುಕುವ ನೆಪದಲ್ಲಾದರೂ ನಾನು ಬರೆದದ್ದನ್ನು ನೀವು ಒಮ್ಮೆ ಓದುವಂತಾಗಲಿ ಎಂದು.

ವಿಷಯ ಇಷ್ಟೇ. ನನ್ನ ಕಾದಂಬರಿಯನ್ನು ನಿಮ್ಮ ಚೊಚ್ಚಲ ಕಾದಂಬರಿ ಪ್ರಶಸ್ತಿಗೆ ಕಳಿಸಿದ್ದೆ. ನೀವು ಅದನ್ನು ಓದದೆ ಪಕ್ಕಕ್ಕೆ ತೆಗೆದಿಟ್ಟು, ಹೋದ ವರ್ಷದವರೆಗೆ ಇಲ್ಲದೇ ಇದ್ದ ‘ಶ್ರಮಜೀವಿ ಪ್ರತಿಭೆ ವಿಶೇಷ ಪುರಸ್ಕಾರ’ ಎಂಬುದೊಂದನ್ನು ಹುಟ್ಟಿಸಿ ನನಗೆ ಕೊಟ್ಟಿದ್ದೀರಿ. ಅದು ನನಗೆ ಬೇಡ. ಅದರ ನೆನಪಾದರೆ ಬಾಯಿಯೆಲ್ಲ ಕಹಿಯಾಗುತ್ತದೆ.

ಪ್ರಶಸ್ತಿಯ ಆಸೆಯೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೇಕಾದಷ್ಟು ಇತ್ತು. ನಾನು ಚಿಕ್ಕಪ್ಪನ ಹಾಸಿಗೆ ಅಂಗಡಿಯಲ್ಲಿ ಹತ್ತಿ ತುಂಬಿ ಹೊಲಿಯುವವಳು. ನಾಲ್ವರು ಸೇರಿದ ಕಡೆ ನನಗೆ ಮಾತು ಹೊರಡುವುದಿಲ್ಲ. ಗಿರಾಕಿ ಬಂದರೆ ಒಳಗೆ ಹೋಗಿ ಚಿಕ್ಕಮ್ಮನನ್ನು ಕಳಿಸುತ್ತೇನೆ. ಅಂಥವಳು ಪುಸ್ತಕ ಬಂದ ಮೇಲೆ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ದಿಂಬುಗಳನ್ನು ಸಾಲಾಗಿ ಕೂರಿಸಿ ಅವುಗಳ ಮುಂದೆ ನಿಂತು ಭಾಷಣ ಕಲಿಯುತ್ತಿದ್ದೆ. ಮೊದಲ ಸಾಲಿನ ದಪ್ಪ ದಿಂಬು ನೀವೇ, ಅಧ್ಯಕ್ಷರೇ. ತುಂಬ ಗಮನವಿಟ್ಟು ಕೇಳುತ್ತಿದ್ದಿರಿ. ಒಮ್ಮೆ ಚಿಕ್ಕಮ್ಮ ಹಿಂದಿನಿಂದ ಬಂದು, “ಜೋರಾಗಿ ಹೇಳೇ, ಹಿಂದೆ ಕೂತಿರೋ ದಿಂಬಿಗೆ ಕೇಳಿಸ್ತಿಲ್ಲ” ಎಂದಾಗ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತ್ತು.

ನಿಮ್ಮ ಪತ್ರ ಬಂದ ದಿನ ಅದೇ ಚಿಕ್ಕಮ್ಮ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಗಟ್ಟಿಯಾಗಿ ಓದಿದಳು. “ಹತ್ತಿಯ ಧೂಳಿನಲ್ಲಿ ಬೆಂದ ತನ್ನ ಬದುಕಿನ ನೋವನ್ನೇ ಅಕ್ಷರವಾಗಿಸಿದ ಆತ್ಮಕಥನಾತ್ಮಕ ಕೃತಿ” ಎಂದಿತ್ತು. ಚಿಕ್ಕಮ್ಮ ಓದುವುದನ್ನು ನಿಲ್ಲಿಸಿ, “ಇದು ಯಾರ ಪುಸ್ತಕಾನೇ?” ಎಂದಳು.

ನನಗೂ ಅದೇ ಪ್ರಶ್ನೆ. ನನ್ನ ಕಾದಂಬರಿ ಒಬ್ಬ ನಿವೃತ್ತ ನ್ಯಾಯಾಧೀಶರದು. ಕೆಲಸ ಮುಗಿದರೂ ಚಟ ಬಿಡದೆ ಅವರು ದಿನಾ ಸಂಜೆ ಮನೆಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಮನೆಮಂದಿಯ ಜಗಳಗಳನ್ನು ವಿಚಾರಣೆ ಮಾಡುತ್ತಾರೆ. ಹಾಲು ಉಕ್ಕಿಸಿದ್ದು ಯಾರು, ಟವೆಲ್ ಒದ್ದೆ ಮಾಡಿದ್ದು ಯಾರು ಎಂದು ತೀರ್ಪು ಕೊಡುತ್ತಾರೆ. ಜೀವನವಿಡೀ ಆ ತೀರ್ಪುಗಳನ್ನು ಕೇಳಿ ಸಾಕಾದ ಅವರ ಹೆಂಡತಿ ಒಂದು ಸಂಜೆ ಮೇಲ್ಮನವಿ ಸಲ್ಲಿಸುತ್ತಾಳೆ. ಗಂಡನ ಮೇಲೆ ಇನ್ನೊಂದು ನ್ಯಾಯಾಲಯ ಎಲ್ಲಿದೆ? ಅದನ್ನು ಹುಡುಕುವುದೇ ಕಥೆ. ಹಾಸಿಗೆ ತಲುಪಿಸಲು ಹೋದ ಒಂದು ಮನೆಯಲ್ಲಿ ಬಾಲ್ಕನಿಯ ನಡುವೆ ಒಂದೇ ಒಂದು ಕುರ್ಚಿ ಇತ್ತು. ಒಂದೇ ಯಾಕೆ ಎಂದು ಯೋಚಿಸುತ್ತ ಬಂದೆ. ಉಳಿದದ್ದೆಲ್ಲ ಕಟ್ಟಿದ್ದು. ನಗಿಸಬೇಕೆಂದೇ ಬರೆದ ಪುಸ್ತಕ ಅದು. ಅದರಲ್ಲಿ ಧೂಳಿಲ್ಲ, ಹತ್ತಿಯ ಒಂದು ಎಳೆಯೂ ಇಲ್ಲ. ನೀವು ಯಾವ ಪುಟದಲ್ಲಿ ನನ್ನನ್ನು ಬೇಯಿಸಿದಿರಿ?

ಪುಟ ಯಾವುದೆಂದು ಆಮೇಲೆ ಗೊತ್ತಾಯಿತು. ‘ನಾಲ್ಕನೇ ತರಗತಿ ಓದಿ ಹಾಸಿಗೆ ಹೊಲಿದು ಬದುಕುವ ಲೇಖಕಿ’ ಎಂದು ಪ್ರಕಾಶಕರು ಬೆನ್ನುಡಿಯಲ್ಲಿ ಹಾಕಿದ್ದರು. ಬೇಡವಾಗಿತ್ತು ಎಂದೆ. “ಇರಲಿ ಬಿಡಿ, ಜನ ತಿರುಗಿ ನೋಡ್ತಾರೆ” ಎಂದರು. ನೀವು ಪುಸ್ತಕವನ್ನು ತಿರುಗಿಸಿ ನೋಡಿದಿರಿ, ನಿಜ. ಮತ್ತೆ ಈ ಕಡೆಗೆ ತಿರುಗಿಸಲೇ ಇಲ್ಲ.

ಪತ್ರದ ಹಿಂದೆಯೇ ನಿಮ್ಮ ಫೋಟೊಗ್ರಾಫರ್ ಬಂದರು. ಹತ್ತಿ ಹಿಂಜುವಾಗ ನಾವು ತಲೆಗೂ ಮೂಗಿಗೂ ಬಟ್ಟೆ ಕಟ್ಟಿಕೊಳ್ಳುತ್ತೇವೆ. ಇಲ್ಲದಿದ್ದರೆ ಕೂದಲೆಲ್ಲ ಹತ್ತಿ, ಕೆಮ್ಮು ಬೇರೆ.

“ಮೂಗಿನ ಬಟ್ಟೆ ತೆಗೀರಿ ಮೇಡಂ, ಮುಖ ಕಾಣಲಿ. ತಲೇದೂ ತೆಗೀರಿ” ಎಂದರು. ತೆಗೆದೆ. ಅವರು ನೋಡಿದರು, ಸಮಾಧಾನವಾಗಲಿಲ್ಲ. ಒಂದು ಹಿಡಿ ಹತ್ತಿ ತೆಗೆದುಕೊಂಡು ನನ್ನ ತಲೆಯ ಮೇಲೆ ಉದುರಿಸಿದರು.

“ಏನಪ್ಪಾ ಅದು? ಅವಳನ್ನೂ ದಿಂಬು ಮಾಡ್ತೀಯಾ?” ಎಂದಳು ಚಿಕ್ಕಮ್ಮ.

“ಫೀಲಿಂಗ್ ಬೇಕು ಅಮ್ಮಾ. ಮೇಡಂ, ನಗಬೇಡಿ. ಮುಖದಲ್ಲಿ ಸ್ವಲ್ಪ ಕಷ್ಟ ಇರಲಿ.”

ನಾನು ಧೈರ್ಯ ತಂದುಕೊಂಡು, “ಪುಸ್ತಕ ಹಿಡ್ಕೊಳ್ಳಲಾ?” ಎಂದು ಕೇಳಿದೆ.

“ಅದೆಲ್ಲ ಬೇಡ. ಸೂಜಿ ಹಿಡ್ಕೊಳ್ಳಿ.”

ಹಿಡಿದುಕೊಂಡೆ. ಅಪರಿಚಿತರ ಮುಂದೆ ಇಲ್ಲ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಮಾತಾಡಲು ಬರುತ್ತಿದ್ದರೆ ಕಾದಂಬರಿಯನ್ನಾದರೂ ಯಾಕೆ ಬರೆಯುತ್ತಿದ್ದೆ?

ಏನೋ ತಪ್ಪಾಗಿರಬೇಕು, ಬೇರೆ ಯಾರದೋ ಪುಸ್ತಕದ ಮಾತು ನನ್ನ ಪತ್ರದಲ್ಲಿ ಸೇರಿರಬೇಕು ಎಂದುಕೊಂಡು ನಿಮ್ಮ ಕಚೇರಿಗೆ ಬಂದೆ. ನೀವಿರಲಿಲ್ಲ. ಗಾಜಿನ ಬಾಗಿಲಿನ ಬೀರುಗಳಿದ್ದ ಕೋಣೆಯಲ್ಲಿ ನಿಮ್ಮ ಸಂಚಾಲಕರು ಕೂತಿದ್ದರು. ಎದ್ದು ನಿಂತು ಬರಮಾಡಿಕೊಂಡರು. ಟೀ ತರಿಸಿದರು. ಒರಟಾಗಿ ಒಂದು ಮಾತಾಡಿದ್ದರೂ ನನಗೆ ಇಷ್ಟು ಅಸಹ್ಯವಾಗುತ್ತಿರಲಿಲ್ಲ.

“ಬನ್ನಿ ತಾಯಿ, ಕೂತ್ಕೊಳ್ಳಿ. ನಿಮ್ಮ ಕಥೆ ಕೇಳಿ ಕಣ್ಣಲ್ಲಿ ನೀರೇ ಬಂತು.”

“ಯಾವ ಕಥೆ ಸಾರ್?”

“ನಿಮ್ಮದೇ. ಶಾಲೆ ಬಿಟ್ಟಿದ್ದು, ಹತ್ತಿ, ಧೂಳು... ಅಬ್ಬಾ!”

“ಕಾದಂಬರಿ ಓದಿದ್ರಾ ಸಾರ್?”

“ಓದೋದೇನು ಬಂತು ತಾಯಿ, ನಿಮ್ಮನ್ನ ನೋಡಿದ್ರೇ ಗೊತ್ತಾಗಲ್ವಾ!”

ನಾನು ಚೊಚ್ಚಲ ಕಾದಂಬರಿ ಪ್ರಶಸ್ತಿಗೆ ಕಳಿಸಿದ್ದನ್ನು ನೆನಪಿಸಿದೆ. ಅವರು ನನ್ನ ಕಡೆ ಬಾಗಿ, ಉಪಕಾರ ಮಾಡಿದವರ ದನಿಯಲ್ಲಿ ಹೇಳಿದರು: “ಆ ಸಾಲಿನಿಂದ ನಿಮ್ಮದನ್ನ ಮೊದಲೇ ತೆಗೆದ್ವಿ. ತೀರ್ಪುಗಾರರ ಹತ್ರ ಹೋಗಲೇ ಇಲ್ಲ. ಅಲ್ಲಿ ಎಲ್ಲ ದೊಡ್ಡ ದೊಡ್ಡ ಓದು ಓದಿದೋರು. ಅವರ ಜೊತೆ ಪಾಪ ನಿಮ್ಮನ್ನ ಯಾಕೆ ನಿಲ್ಲಿಸೋದು? ಈಗ ನೋಡಿ, ಪೈಪೋಟಿನೇ ಇಲ್ಲ!” ಆಮೇಲೆ, ಸಮಾರಂಭಕ್ಕೆ ಕೆಲಸದ ಬಟ್ಟೆಯಲ್ಲೇ ಬರಬೇಕೆಂದರು. ಬರುವಾಗ ಒಂದಿಷ್ಟು ಹತ್ತಿ, ಸೂಜಿ, ಅರ್ಧ ಹೊಲಿದ ಪುಟ್ಟ ದಿಂಬು. “ಮುಖ್ಯ ಅತಿಥಿಗಳ ಕೈಯಲ್ಲಿ ವೇದಿಕೆ ಮೇಲೆ ಒಂದು ಹೊಲಿಗೆ ಹಾಕಿಸೋಣ. ಚೆನ್ನಾಗಿರತ್ತೆ.”

ಅಧ್ಯಕ್ಷರೇ, ಚೊಚ್ಚಲ ಕಾದಂಬರಿ ಪ್ರಶಸ್ತಿ ಗೆದ್ದವರು ಕಾಲೇಜಿನಲ್ಲಿ ಪಾಠ ಮಾಡುತ್ತಾರಂತೆ. ಅವರಿಗೂ ಸೀಮೆಸುಣ್ಣ ತರಲು ಹೇಳಿದ್ದೀರಾ? ವೇದಿಕೆಯ ಮೇಲೆ ಹಾಜರಿ ಕೂಗಲು ಹೇಳಿದ್ದೀರಾ? ಅವರ ಮೇಲೆ ನನಗೆ ಸಿಟ್ಟಿಲ್ಲ. ಪುಸ್ತಕ ತರಿಸಿ ಓದಿದೆ. ಚೆನ್ನಾಗಿದೆ. ನಡುವೆ ಕೊಂಚ ಎಳೆದಿದ್ದಾರೆ, ಆದರೂ ಚೆನ್ನಾಗಿದೆ. ಬಹುಶಃ ನನ್ನದಕ್ಕಿಂತ ಚೆನ್ನಾಗಿಯೇ ಇದೆ. ಹಾಗೆಂದು ನಾನು ಹೇಳಬಲ್ಲೆ, ಎರಡನ್ನೂ ಓದಿದ್ದೇನೆ. ನೀವು ಹೇಗೆ ಹೇಳಿದಿರಿ?

ಕರುಣೆ ಎಂದರೆ ಇದೇ ಏನು? ಓಟಕ್ಕೆ ಬಂದವಳನ್ನು ಗೆರೆಯ ಬಳಿಯೇ ಹಿಡಿದು ಪಕ್ಕಕ್ಕೆ ಕೂರಿಸಿ, ಕೊರಳಿಗೆ ಪದಕ ಹಾಕಿ, ‘ಪಾಪ, ಕಾಲು ನೋಯುತ್ತದೆ’ ಎನ್ನುವುದು? ನನ್ನ ಕಾಲು ಗಟ್ಟಿಯಾಗಿಯೇ ಇತ್ತು.

ಮನೆಯಲ್ಲಿ ಇದೇ ವಾದ. ಚಿಕ್ಕಪ್ಪನಿಗೆ ಹೆಮ್ಮೆ. ತಲೆಯ ಮೇಲೆ ಹತ್ತಿ ಉದುರಿಸಿದ ಆ ಫೋಟೊವನ್ನು ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ಹಾಕಿದರು. ನಾನು ದಿನಾ ತಲೆಬಟ್ಟೆ ನೇತುಹಾಕುತ್ತಿದ್ದ ಮೊಳೆಯೇ ಅವರಿಗೆ ಸಿಕ್ಕಿತು. ಹೋಗುವುದಿಲ್ಲ ಎಂದಾಗ ರೇಗಿದರು.

“ಊರೆಲ್ಲ ಹೇಳ್ಕೊಂಡು ಬಂದಿದ್ದೀನಿ. ನಿನ್ನ ಜಡ್ಜು, ಅವನ ಕುರ್ಚಿ ಯಾರಿಗೆ ಬೇಕು? ನಿನ್ನನ್ನ ಕರೀತಿದ್ದಾರಲ್ಲ, ಅದು ಸಾಲದಾ?”

“ಇವಳನ್ನೆಲ್ಲಿ ಕರೀತಿದ್ದಾರೆ? ಹತ್ತಿನ ಕರೀತಿದ್ದಾರೆ. ಒಂದು ಮೂಟೆ ಕಟ್ಟಿ ಕಳಿಸಿ” ಎಂದಳು ಚಿಕ್ಕಮ್ಮ.

ಈ ಚಿಕ್ಕಮ್ಮ ಹೊಲಿಯುತ್ತ ಕೂತಾಗ ನಾನು ಪ್ರತಿ ಅಧ್ಯಾಯವನ್ನೂ ಓದಿ ಹೇಳಿದ್ದೆ. ಕೊನೆಯಲ್ಲಿ ಹೆಂಡತಿ ಇನ್ನೊಂದು ಕುರ್ಚಿ ತಂದು ಗಂಡನ ಪಕ್ಕ ಹಾಕಿಕೊಂಡು ಕೂರುತ್ತಾಳೆ. ಅದು ಚಿಕ್ಕಮ್ಮನಿಗೆ ಸುತರಾಂ ಒಪ್ಪಿಗೆಯಾಗಲಿಲ್ಲ. “ಪಕ್ಕದಲ್ಲಿ ಯಾಕೆ ಕೂರ್ತಾಳೆ? ಅವನನ್ನ ಎಬ್ಬಿಸಲಿ! ಏನು ಬರೀತೀಯೇ ನೀನು!” ಎಂದು ಸೂಜಿ ಬಿಸಾಕಿ ಎದ್ದು ಹೋದಳು. ಊಟಕ್ಕೆ ಕೂತಾಗಲೂ ಅದೇ ಜಗಳ. ನನಗೆ ಸಿಟ್ಟು ಬಂದಿತ್ತು, ಆದರೆ ಒಳಗೊಳಗೇ ಖುಷಿಯೂ ಆಗಿತ್ತು. ನಿಮ್ಮ ಸಮಿತಿಯಲ್ಲಿ ಯಾರಾದರೂ ಆ ಕುರ್ಚಿಗಾಗಿ ಜಗಳವಾಡಿದರೇ? ಅಲ್ಲೊಂದು ಕುರ್ಚಿ ಇದೆಯೆಂದಾದರೂ ಗೊತ್ತಿತ್ತೇ?

ನನ್ನ ಬೇಡಿಕೆ ದೊಡ್ಡದಲ್ಲ. ವಿಶೇಷ ಪುರಸ್ಕಾರವನ್ನು ಹಿಂದಕ್ಕೆ ತೆಗೆದುಕೊಳ್ಳಿ. ಪುಸ್ತಕವನ್ನು ಎಲ್ಲಿಂದ ತೆಗೆದಿರೋ ಆ ಸಾಲಿಗೇ ಮತ್ತೆ ಸೇರಿಸಿ. ತೀರ್ಪುಗಾರರು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಲಿ. ಓದಿ, ಇದು ಯಾಕೆ ಗೆಲ್ಲಲಿಲ್ಲ ಎಂದು ಒಂದೇ ಒಂದು ವಾಕ್ಯ ಬರೆದು ಕಳಿಸಲಿ. ನ್ಯಾಯಾಧೀಶರ ಪಾತ್ರ ಸೊರಗಿದೆ ಎನ್ನಲಿ, ನಗು ಬರಲಿಲ್ಲ ಎನ್ನಲಿ, ಕೊನೆ ಕೆಟ್ಟಿದೆ ಎನ್ನಲಿ. ಓದಿದವರು ಬೈದರೆ ತಲೆಬಾಗಿ ಕೇಳುತ್ತೇನೆ. ಗೆಲ್ಲಿಸಿ ಎಂದು ಕೇಳುತ್ತಿಲ್ಲ, ಅಧ್ಯಕ್ಷರೇ. ಎಲ್ಲರ ಹಾಗೆ ಸೋಲಲು ಬಿಡಿ. ಅಲ್ಲಿಯವರೆಗೆ ನಿಮ್ಮ ವೇದಿಕೆಗೆ ಬರುವುದಿಲ್ಲ. ಮುಖ್ಯ ಅತಿಥಿಗಳಿಗೆ ಹೊಲಿಯಲೇಬೇಕೆಂಬ ಆಸೆಯಿದ್ದರೆ ಅಂಗಡಿಗೆ ಬರಲಿ, ಚಿಕ್ಕಮ್ಮ ಕಲಿಸುತ್ತಾಳೆ.

ಇವತ್ತು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದವಳೇ ಆ ಫೋಟೊವನ್ನು ಗೋಡೆಯಿಂದ ಇಳಿಸಿದೆ. ಚಿಕ್ಕಪ್ಪ ನೋಡಿ, ಹತ್ತಿಯ ಮೂಟೆ ಬಿಚ್ಚಲು ಕೂತರು. ಸಂಜೆ ತಲೆಬಟ್ಟೆ ಬಿಚ್ಚಿ ನೇತುಹಾಕಲು ನನಗೆ ಆ ಮೊಳೆ ಬೇಕು.

ಇಂತಿ,
ಇನ್ನೂ ಸೋಲದೇ ಇರುವ,
ಒಬ್ಬ ಕಾದಂಬರಿಗಾರ್ತಿ