ಸಾಹೇಬರಿಗೊಂದು ಆಟೋಪೈಲಟ್, ನಮಗೊಬ್ಬ ಭಾವ

ವಾಯುಯಾನ ಸುರಕ್ಷತಾ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ತಮ್ಮ ಜೀವ ಯಂತ್ರದ ಕೈಯಲ್ಲಿ, ನಮ್ಮ ಜೀವ ನನ್ನ ಭಾವನ ಕೈಯಲ್ಲಿ. ಇದು ಯಾವ ಸೀಮೆಯ ನ್ಯಾಯ?

ನಾನು ಸಮುದ್ರದ ನಡುವೆ ತೈಲ ತೆಗೆಯುವ ರಿಗ್ಗಿನಲ್ಲಿ ವೆಲ್ಡರ್. ಪಾಳಿ ಬದಲಾದಾಗ ನಮ್ಮನ್ನು ಅಲ್ಲಿಗೆ ಹೊತ್ತೊಯ್ಯುವ ಹೆಲಿಕಾಪ್ಟರಿನ ಪೈಲಟ್ ನನ್ನ ಅಕ್ಕನ ಗಂಡ. ಇಳಿಯಬೇಕಾದ ಡೆಕ್ಕು ಮೇಲಿನಿಂದ ಊಟದ ತಟ್ಟೆಯಷ್ಟು ಕಾಣುತ್ತದೆ. ಮಂಜು ಕವಿದರೆ ಅದೂ ಇಲ್ಲ; ನೀರು ಯಾವುದು, ಆಕಾಶ ಯಾವುದು ತಿಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ವೇಗವನ್ನೂ ಎತ್ತರವನ್ನೂ ಹಿಡಿದಿಟ್ಟು ಡೆಕ್ಕಿನ ಸಮೀಪದವರೆಗೆ ಕರೆದೊಯ್ಯಲೆಂದೇ ಆಟೋಪೈಲಟ್ ಇದೆ. ಆದರೆ ಅದನ್ನು ಬಳಸುವುದು, ಬಿಡುವುದು 'ಪೈಲಟ್‌ನ ವಿವೇಚನೆಗೆ ಬಿಟ್ಟದ್ದು' ಎಂದು ತಮ್ಮ ಸುತ್ತೋಲೆ ಅಪ್ಪಣೆ ಕೊಡಿಸಿದೆ. ವಿವೇಚನೆಯಂತೆ! ನನ್ನ ಭಾವನಿಗೆ ಅದು ಎಷ್ಟಿದೆಯೆಂದು ನನ್ನ ಅಕ್ಕನನ್ನು ಕೇಳಬೇಕಿತ್ತು.

ಹೋದ ತಿಂಗಳು ಮಂಜಿನಲ್ಲಿ ಭಾವ ಆಟೋಪೈಲಟ್ ಆಫ್ ಮಾಡಿ ಕೈಯಲ್ಲೇ ಇಳಿಸಲು ಹೊರಟರು. ಕಣ್ಣು ಡೆಕ್ಕನ್ನು ಹುಡುಕುತ್ತಿತ್ತು, ವೇಗ ಸದ್ದಿಲ್ಲದೆ ಕುಸಿಯಿತು, ಹೆಲಿಕಾಪ್ಟರು ನೀರಿನತ್ತ ಜಾರಿತು. "ಸ್ಪೀಡ್! ಸ್ಪೀಡ್ ನೋಡಿ!" ಎಂದು ಸಹಪೈಲಟ್ ಕಿರುಚಿದ್ದು ಹಿಂದಿನ ಸಾಲಿಗೂ ಕೇಳಿಸಿತು. ಭಾವ ಮೇಲೆತ್ತಿದರು, ಬದುಕಿದೆವು. ಪಾಳಿ ಮುಗಿಸಿ ಅಕ್ಕನ ಮನೆಗೆ ಹೋದವನೇ ಭಾವನೊಂದಿಗೆ ಜಗಳ ತೆಗೆದೆ.

"ಗುಂಡಿ ಒತ್ತಿ ಕೈಕಟ್ಕೊಂಡು ಕೂತ್ರೆ ಬೇರೆ ಪೈಲಟ್‌ಗಳು ನಗ್ತಾರಯ್ಯ," ಎಂದರು ಭಾವ, ಸೋಫಾದಲ್ಲಿ ಒರಗಿಕೊಂಡೇ.

"ರಿಮೋಟ್ ಸಿಗ್ಲಿಲ್ಲ ಅಂದ್ರೆ ಎದ್ದು ಟೀವಿ ಆರಿಸಲ್ಲ ಇವ್ರು," ಎಂದಳು ಅಕ್ಕ. "ಸಮುದ್ರದ ಮೇಲೆ ಮಾತ್ರ ಕೈಕೆಲ್ಸ ನೆನಪಾಗತ್ತೆ!"

ಅಷ್ಟು ಹೇಳಿ ಅಡುಗೆಮನೆಗೆ ಹೋಗಿ ಅತ್ತಳು. ಅವಳ ಗಂಡನೂ ತಮ್ಮನಾದ ನಾನೂ ಒಂದೇ ಹೆಲಿಕಾಪ್ಟರಿನಲ್ಲಿ ಹೋಗುತ್ತೇವೆ.

ಇಷ್ಟಾದ ಮೇಲೆ ತಾವು ತಪಾಸಣೆಗೆ ದಯಮಾಡಿಸಿದಿರಿ. ತಮ್ಮ ಕಚೇರಿಯಿಂದ ಭಾವನಿಗೆ ಮುಂಚೆಯೇ ಫೋನು ಬಂದಿತ್ತು: ಸಾಹೇಬರು ಬರುವಾಗ ಆಟೋಪೈಲಟ್ ಕಡ್ಡಾಯ. ಆ ದಿನ ಡೆಕ್ಕಿನ ಬಣ್ಣದ ಗೆರೆಗಳೂ ದೂರದಿಂದ ಕಾಣುವಷ್ಟು ಬಿಸಿಲು! ತಮ್ಮ ಹಿಂದಿನ ಸೀಟಿನಲ್ಲೇ ನಾನಿದ್ದೆ. ಭಾವ ಆಟೋಪೈಲಟ್ಟಿನಲ್ಲೇ ಬಂದು, ಡೆಕ್ಕು ಎದುರಿಗೆ ನಿಚ್ಚಳವಾಗಿ ಕಂಡ ಮೇಲಷ್ಟೇ ಕೈಹಾಕಿ, ಮೆತ್ತಗೆ ಇಳಿಸಿದರು. ಯಾವ ಪೈಲಟ್ಟೂ ನಗಲಿಲ್ಲ. ತಾವಂತೂ ಗೊರಕೆ ಹೊಡೆಯುತ್ತಿದ್ದಿರಿ.

ಯಂತ್ರವೂ ಕೈಕೊಡುತ್ತದೆ ಎನ್ನುತ್ತೀರಾ? ಕೊಟ್ಟೀತು. ಅದನ್ನು ಕಾಯಲೆಂದೇ ಅಲ್ಲವೇ ಇಬ್ಬರು ಪೈಲಟ್‌ಗಳು ಮುಂದೆ ಕೂತಿರುವುದು?

ನನ್ನ ಬೇಡಿಕೆ ದೊಡ್ಡದೇನಲ್ಲ. ಫೋನಿನಲ್ಲಿ ಹೇಳಿದ 'ಕಡ್ಡಾಯ'ವನ್ನು ಸುತ್ತೋಲೆಯಲ್ಲಿ ಎಲ್ಲರಿಗೂ ಬರೆಯಿರಿ. ಅದಾಗುವವರೆಗೆ ಪ್ರತಿ ಪಾಳಿಗೂ ನಮ್ಮ ಜೊತೆ ಹೆಲಿಕಾಪ್ಟರಿನಲ್ಲಿ ಬನ್ನಿ. ತಾವು ಏನೂ ಮಾಡಬೇಕಿಲ್ಲ. ಒಳಗೆ ಕೂತಿದ್ದರೆ ಸಾಕು, ನಾವೆಲ್ಲ ಬದುಕಿ ಮನೆಗೆ ಬರುತ್ತೇವೆ.

ಇಂತಿ,
ತಮ್ಮ ಪುಣ್ಯದಿಂದ ಒಮ್ಮೆ ನೆಮ್ಮದಿಯಾಗಿ ಇಳಿದ ವೆಲ್ಡರ್,
ಭಾವ ಈ ಪತ್ರ ಓದುವವರೆಗೆ ಅವರ ಪ್ರೀತಿಯ ಭಾವಮೈದುನ