ಯಾರೂ ಕುಡಿಯದ ಪಾನಕ

ನೀಲಕ್ಕ,

ಇದನ್ನು ಕಳಿಸುವ ಧೈರ್ಯ ನನಗಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಇವತ್ತು ನಿಮ್ಮ ಹರಿಹರದವರು ನಮ್ಮ ರಶ್ಮಿತಾಳನ್ನು ನೋಡಲು ದಾವಣಗೆರೆಗೆ ಬಂದಿದ್ದರು. ಬಿಸಿಲು ಉರಿಯುತ್ತಿತ್ತು. ನೀವು ಕಲಿಸಿದ ಕರಬೂಜದ ಪಾನಕವನ್ನೇ ಮಾಡಿದೆ. ಹಣ್ಣು ಕಿವುಚಿ, ಬೆಲ್ಲ ಕರಗಿಸಿ, ಹಸಿಶುಂಠಿ ಜಜ್ಜಿ ರಸ ಹಿಂಡಿದೆ. ಆ ರಸ ತಿಳಿಯಾಗುವವರೆಗೆ ಕಾಯಬೇಕು, ತಳದ ಬಿಳಿ ಗಸಿ ಬಿಡಬೇಕು ಎನ್ನುತ್ತಿದ್ದಿರಿ. ನಿಮ್ಮ ಮೈದುನ ಅವಸರ ಮಾಡಿದರು, ಹಾಗೇ ಸುರಿದುಬಿಟ್ಟೆ.

ಹುಡುಗನ ತಾಯಿ ಲೋಟ ಹಿಡಿದುಕೊಂಡೇ ಕೇಳಿದರು. "ಹುಡುಗಿ ದೊಡ್ಡಮ್ಮ ನಮ್ಮೂರಾಗೇ ಅದಾರಲ್ಲ, ಯಾಕ ಬಂದಿಲ್ರಿ?"

ಮನೆ ಪಾಲಾದಾಗಿನಿಂದ ಇಲ್ಲಿ ನಿಮ್ಮ ಹೆಸರು ಎತ್ತುವಂತಿಲ್ಲ. "ಅವರಿಗೆ ಆರಾಮಿಲ್ರಿ" ಎಂದರು ನಿಮ್ಮ ಮೈದುನ. ನಾನು ಸೆರಗು ಸರಿಮಾಡಿಕೊಂಡೆ.

"ನಿನ್ನೆ ಸಂತ್ಯಾಗ ಸಿಕ್ಕಿದ್ರು, ಆರಾಮಾಗೇ ಅದಾರ." ಆಕೆ ಲೋಟ ಕೆಳಗಿಟ್ಟರು. "ಅವರು ಬಂದ ದಿನ ಕುಡಿತೀವಿ ಬಿಡ್ರಿ."

ಮಿಕ್ಕವರೂ ಲೋಟ ಇಟ್ಟು ಎದ್ದರು.

ಅವರು ಹೋದ ಮೇಲೆ ರಶ್ಮಿತಾ ಪಾತ್ರೆಯಲ್ಲಿ ಉಳಿದಿದ್ದ ಪಾನಕವನ್ನು ಬಾಟಲಿಗೆ ತುಂಬಿ ಸ್ಕೂಟಿ ಕೀ ತೆಗೆದುಕೊಂಡಳು. ನಿಮ್ಮ ಮೈದುನ ಬಾಗಿಲಿಗೆ ಅಡ್ಡ ನಿಂತರು.

"ಎಲ್ಲಿಗೆ?"

"ದೊಡ್ಡಮ್ಮನ ಮನಿಗೆ."

ಅವರು ನನ್ನ ಮುಖ ನೋಡಿದರು. ನಾನು ಹೆಲ್ಮೆಟ್ ತಂದು ಅವಳ ಕೈಗೆ ಕೊಟ್ಟೆ.

ಇಷ್ಟೊತ್ತಿಗೆ ಅವಳು ನಿಮ್ಮ ಹೊಸ್ತಿಲಲ್ಲಿರಬೇಕು. ಅಕ್ಕ, ಬಾಟಲಿ ದಾರಿಯುದ್ದಕ್ಕೂ ಕುಲುಕಿರುತ್ತದೆ. ಕೂಡಲೇ ಕುಡಿಯಬೇಡಿ. ಸ್ವಲ್ಪ ಹೊತ್ತು ಹಾಗೇ ಇಡಿ, ಗಸಿ ತಳಕ್ಕಿಳಿಯಲಿ.