ಕರಡಿಗೆಯ ಮೇಲಿನ ಬಿಳಿ ಬಟ್ಟೆ

ಒಂಟಿಕೊಪ್ಪಲ್, ಮೈಸೂರು
19-1-1999, ಮಂಗಳವಾರ

ಪ್ರೀತಿಯ ಯಾಂಗ್‌ಚೆನ್ ಅಕ್ಕನಿಗೆ,

ನಿನ್ನ ತಮ್ಮ ಗುರುಕಿರಣ್ ಮಾಡುವ ನಮಸ್ಕಾರ. ಈ ಸಲ ಸಂಕ್ರಾಂತಿಗೆ ಎಳ್ಳು ಬೆಲ್ಲ ಕಳಿಸಲಿಲ್ಲ, ಒಂದು ಸಾಲು ಬರೆಯಲೂ ಇಲ್ಲ. ಕ್ಷಮಿಸು. ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟವನು ಎಂದಲ್ಲ. ಏನು ಬರೆದರೂ ಅಮ್ಮನ ಮೇಲೆ ಚಾಡಿ ಹೇಳಿದಂತಾಗುತ್ತಿತ್ತು. ನಿಮ್ಮ ಟಿಬೆಟನ್ ಕ್ಯಾಂಪಿನ ಅಂಗಡಿಗೆ ಫೋನ್ ಮಾಡಿದ್ದೆ. ನೀನು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆಯಂತೆ, ನಿನ್ನಮ್ಮ ಫೋನಿಗೆ ಬರುವುದಿಲ್ಲ ಎಂದರಂತೆ. ಅದಕ್ಕೇ ಇದನ್ನು ಕುಶಾಲನಗರದ ಬಸ್ಸಿನ ಕಂಡಕ್ಟರ್ ಬೀರಯ್ಯನ ಕೈಲಿ ಕಳಿಸುತ್ತಿದ್ದೇನೆ.

ಅಪ್ಪನಿಗೆ ಗುರುವಾರ ಎದೆಯ ಆಪರೇಷನ್. ನಾಳೆ ಸಂಜೆಯೇ ಆಸ್ಪತ್ರೆಗೆ ಸೇರಬೇಕು. ಡಾಕ್ಟರು ಹೆದರಬೇಡಿ ಎಂದರು. ಹೊರಡುವಾಗ ಮತ್ತೆ ಹಾಗೇ ಹೇಳಿದರು, ಆಗ ಹೆದರಿಕೆ ಶುರುವಾಯಿತು. ಮನೆಯಲ್ಲಿ ಕೂರಲಾಗದೆ ಸೈಕಲ್ ಹತ್ತಿ ದೊಡ್ಡ ಗಡಿಯಾರದವರೆಗೆ ಸುಮ್ಮನೆ ಹೋಗಿ ಬರುತ್ತೇನೆ. ನೀವು ಸ್ವೆಟರ್ ಮಾರುತ್ತಿದ್ದ ಜಾಗದಲ್ಲಿ ಈಗ ಯಾರೋ ಕಬ್ಬು ಮಾರುತ್ತಿದ್ದಾರೆ.

ನಾನೂ ನಿನ್ನಂತೆ ಅಮಾಲಾ ಎಂದು ಕರೆಯುವ ನಿನ್ನಮ್ಮ ನಿನಗೆ ಏನು ಹೇಳಿದ್ದಾರೋ ಗೊತ್ತಿಲ್ಲ. ನಾನು ಕಂಡದ್ದನ್ನು ಬರೆಯುತ್ತೇನೆ. ಸಂಕ್ರಾಂತಿಯ ಹಿಂದಿನ ದಿನ ಸ್ವೆಟರ್ ಅಂಗಡಿ ಮುಚ್ಚಿ ಊರಿಗೆ ಹೊರಟವರು ಅಪ್ಪನನ್ನು ನೋಡಲು ಬಂದರು. ನಮ್ಮ ಮನೆಯಲ್ಲಿ ಅವರು ಯಾವಾಗಲೂ ನಮ್ಮಂತೆಯೇ ಇರುತ್ತಿದ್ದರಲ್ಲ, ವಿಭೂತಿಯನ್ನೂ ಇಡಿಸಿಕೊಳ್ಳುತ್ತಿದ್ದರು. ಅವತ್ತು ಮೊದಲ ಸಲ ನಿಮ್ಮ ಪದ್ಧತಿಯಂತೆ ಚೀಲದಿಂದ ಬಿಳಿಯ ಉದ್ದ ಬಟ್ಟೆ, ಖತಾ ತೆಗೆದು, ಮಲಗಿದ್ದ ಅಪ್ಪನ ಕೊರಳಿಗೆ ಹಾಕಿದರು. ಅದು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಚ್ಚಿತು. ಅಷ್ಟರಲ್ಲಿ ಕಾಫಿ ತಂದ ಅಮ್ಮ ಲೋಟ ಕೆಳಗಿಟ್ಟು ಅದನ್ನು ಎಳೆದುಬಿಟ್ಟಳು.

"ಲಿಂಗದ ಮೇಲೆ ಹೆಣದ ಬಟ್ಟೆ ಹಾಕ್ಬುಟ್ಯಲ್ಲ ತಾಯಿ. ಮನೆ ಕಳ್ಕೊಂಡೋರ ಕೈ ಸೋಕಿದ್ರೆ ನಮ್ಮನೇನೂ ಉಳಿಯಲ್ಲ" ಎಂದಳು.

ಅಮಾಲಾ ಖತಾ ಮಡಿಸಿ ಸ್ಟೂಲಿನ ಮೇಲಿಟ್ಟು ಹೊರಟರು.

ಅಮ್ಮ ಖತಾ ನೋಡಿದ್ದು ಒಂದೇ ಸಲ, ಹೋದ ವರ್ಷ ನಿನ್ನ ತಂದೆ ತೀರಿಕೊಂಡಾಗ. ಅವರ ದೇಹದ ಮೇಲೆ ನೀವೆಲ್ಲ ಒಂದೊಂದಾಗಿ ಹಾಕುತ್ತಿದ್ದಿರಿ. ಬರುವವರಿಗೂ ಹೋಗುವವರಿಗೂ ಅದನ್ನೇ ಹಾಕುತ್ತಾರೆ, ಅದು ಆಶೀರ್ವಾದ ಎಂದು ನೀನು ಹೇಳಿದ್ದನ್ನು ನಾನು ಅಮ್ಮನಿಗೆ ಹೇಳಿದೆ. "ಹೋಗೋರಿಗೆ ಅಂತ ನೀನೇ ಅಂದ್ಯಲ್ಲ" ಎಂದು ಅಳತೊಡಗಿದಳು.

ಅಪ್ಪ ಮಾತ್ರ ಗೋಡೆ ಕಡೆ ತಿರುಗಿಕೊಂಡೇ ಅಮ್ಮನಿಗೆ ಹೇಳಿದರು: "ಬೈಲಕುಪ್ಪೇಲಿ ಕಾಡು ಕಡಿಯೋವಾಗ ಆನೆ ಅಟ್ಟಿಸ್ಕೊಂಡು ಬಂತು. ಲಾರಿ ಬಿಟ್ಟು ನಿಂತಿದ್ದ ನನ್ನ ಕೈ ಹಿಡ್ಕೊಂಡು ಓಡಿದ್ದು ಅವಳ ಗಂಡ. ಅವತ್ತು ಯಾರ ಮನೆ ಉಳೀತು, ಪುಟ್ಟಬಸಿ?"

ಅಂದಿನಿಂದ ಅಪ್ಪನದು ಒಂದೇ ಹಟ. ನಿನ್ನಮ್ಮ ಲ್ಹಾಮೊ ಬರದೆ ಆಸ್ಪತ್ರೆಗೆ ಹೊರಡುವುದಿಲ್ಲವಂತೆ. ಅಕ್ಕ, ನಾಳೆ ಮೊದಲ ಬಸ್ಸಿಗೆ ಅಮಾಲಾರನ್ನು ಕರೆದುಕೊಂಡು ಬಾ. ಅಮ್ಮನ ಮಾತನ್ನು ಮರೆಯಿರಿ ಎನ್ನಲಾರೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬನ್ನಿ.

ನಿನ್ನ ಶಾಲೆಯ ಮಕ್ಕಳನ್ನು ಕೇಳಿದೆ ಎಂದು ಹೇಳು. ನಿಮ್ಮ ದೇವರೂ ನಮ್ಮ ನಂಜುಂಡನೂ ಎರಡು ಮನೆಯನ್ನೂ ಕಾಯಲಿ.

ನಿನ್ನ ತಮ್ಮ,
ಗುರುಕಿರಣ್

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಅಮಾಲಾಗೆ ಕನ್ನಡ ಕಲಿಸಿದವಳು ಅಮ್ಮನೇ. "ಹೋಗ್ತೀನಿ ಅನ್ಬಾರ್ದು ಕಣಮ್ಮ, ಹೋಗಿ ಬರ್ತೀನಿ ಅನ್ಬೇಕು" ಎಂದು ಮೊದಲು ಹೇಳಿಕೊಟ್ಟಿದ್ದೇ ಅದು. ಇಷ್ಟು ವರ್ಷ ಅಮಾಲಾ ಒಮ್ಮೆಯೂ ತಪ್ಪಲಿಲ್ಲ. ಅವತ್ತು ಹೊಸ್ತಿಲಲ್ಲಿ ನಿಂತು, ಅಪ್ಪನ ಮುಖವನ್ನು ತುಂಬಾ ಹೊತ್ತು ನೋಡಿ, "ಹೋಗ್ತೀನಿ" ಎಂದರು. ಅಮ್ಮ ಖತಾವನ್ನು ಒಗೆದು ದೇವರ ಗೂಡಿನಲ್ಲಿಟ್ಟಿದ್ದಾಳೆ. "ಸಿಟ್ಟಿಗೆ ಅಂದ್ಳಾ, ಏನಾದ್ರೂ ಕಂಡು ಅಂದ್ಳಾ, ಕೇಳಿ ಬರಿ" ಎನ್ನುತ್ತಾಳೆ. ನಾನೂ ಅದನ್ನೇ ಕೇಳುತ್ತಿದ್ದೇನೆ. ನಿನ್ನಮ್ಮನಿಗೆ ನಮ್ಮ ಮೇಲೆ ಬರೀ ಸಿಟ್ಟು ಬಂದಿರಲಿ ಅಕ್ಕ.